ಹಿಮದಲ್ಲಿ ನಿಂತ ಅಕ್ಕ

ಆ ವಿಡಿಯೋ ಗೇಮಿನಲ್ಲಿ ನಮ್ಮಕ್ಕನ ಮುಖ ಎಲ್ಲೂ ಇಲ್ಲ. ಅದರ ನಾಯಕಿ ಒಬ್ಬ ನಿಂಜಾ. ಮೂಗಿನವರೆಗೆ ಕಪ್ಪು ಬಟ್ಟೆ ಸುತ್ತಿಕೊಂಡು, ಹೆಂಚಿನ ಮೇಲಿಂದ ಸದ್ದಿಲ್ಲದೆ ಇಳಿದು, ಹಿಂದಿನಿಂದ ಬಂದು ಕೊಲ್ಲುವವಳು. ಬಟ್ಟೆಯ ಮೇಲೆ ಕಾಣುವ ಕಣ್ಣುಗಳನ್ನು ಯಾರೋ ಕಂಪ್ಯೂಟರಿನಲ್ಲಿ ಬರೆದಿದ್ದಾರೆ. ಆದರೆ ಅವಳ ಕೈಯಿಂದ ಕತ್ತಿ ಜಾರಿ, ಬರಿಗೈಯಲ್ಲಿ ಹೊಡೆದಾಡಲು ನಿಂತಾಗ ಆ ಮೈ ನಮ್ಮಕ್ಕನದು. ಹೆಗಲು, ಸೊಂಟ, ಹೆಜ್ಜೆ, ಉಸಿರು, ಎಲ್ಲ ಅವಳವೇ. ಅಕ್ಕ ಈಗ ಇಲ್ಲ.

ನಾವು ಜಕ್ಕೂರಿನವರು. ಸುತ್ತ ಅಪಾರ್ಟ್‌ಮೆಂಟುಗಳು ಎದ್ದರೂ ಊರೊಳಗಿನ ಹಳೇ ಬೀದಿಯಲ್ಲಿ ನಮ್ಮ ಮನೆ ಹಾಗೇ ಉಳಿದಿದೆ. ಅಪ್ಪ ನಾವು ಚಿಕ್ಕವರಿದ್ದಾಗಲೇ ತೀರಿಕೊಂಡರು. ಅಮ್ಮ, ಅಕ್ಕ, ನಾನು, ಮೂವರೇ. ಅಕ್ಕ ಮತ್ತಿಕೆರೆಗೆ ಕಾಲೇಜಿಗೆ ಹೋಗುವಾಗ ಅಲ್ಲಿ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಜುಜುತ್ಸು ಕ್ಲಾಸಿಗೆ ಸೇರಿದಳು. ಜಪಾನಿನ ಬರಿಗೈ ವಿದ್ಯೆ ಅದು. ಹೊಡೆಯುವುದು ಕಡಿಮೆ, ಹಿಡಿಯುವುದು, ತಿರುಚುವುದು, ಎತ್ತಿ ಒಗೆಯುವುದು ಜಾಸ್ತಿ. ಒಗೆಯಬೇಕೆಂದರೆ ಬೀಳುವುದಕ್ಕೊಬ್ಬರು ಬೇಕಲ್ಲ, ಅದಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಅವತ್ತಿನಿಂದ ಅವಳು ಒಗೆಯುವವಳು, ನಾನು ಬೀಳುವವಳು.

ಬೀಳುವುದನ್ನೂ ಕಲಿಯಬೇಕು. ಗದ್ದ ಎದೆಗೆ ಒತ್ತಿಕೊಂಡು, ಬೆನ್ನು ದುಂಡಗೆ ಮಾಡಿಕೊಂಡು, ನೆಲ ಮುಟ್ಟುವ ಹೊತ್ತಿಗೆ ಸರಿಯಾಗಿ ತೋಳಿನಿಂದ ಮ್ಯಾಟನ್ನು ಬಡಿಯಬೇಕು. ನಮ್ಮ ಕೊಟ್ಟಿಗೆಯಲ್ಲಿ ದನ ಇಲ್ಲವಾದ ಮೇಲೆ ಅಲ್ಲೇ ಹಳೇ ಹಾಸಿಗೆಗಳನ್ನು ಹಾಸಿಕೊಂಡು ಅಭ್ಯಾಸ ಮಾಡುತ್ತಿದ್ದೆವು. ಅಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, "ನಿಧಾನ ಕಣ್ರೇ, ಮೂಳೆ ಮುರ್ಕಂಡ್ರೆ ಯಾರ್ ಮದ್ವೆ ಆಗ್ತಾರೆ ನಿಮ್ಮನ್ನ" ಅನ್ನುತ್ತಿದ್ದಳು. ಬೈಯುತ್ತಲೇ ವರ್ಷಗಟ್ಟಲೆ ನೋಡಿದಳು. ನಾವಿಬ್ಬರೂ ಹೇಗೆ ನಿಲ್ಲುತ್ತೇವೆ, ಹೇಗೆ ಬೀಳುತ್ತೇವೆ ಅನ್ನುವುದು ಅವಳಿಗೆ ತಿಳಿದಷ್ಟು ನಮಗೂ ತಿಳಿದಿರಲಿಲ್ಲ.

ಓದು ಮುಗಿದು ಅಕ್ಕ ಯಲಹಂಕದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್ ಆದಳು. ನಾನು ಆರ್.ಟಿ. ನಗರದ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಗೆ ಸೇರಿದೆ. ಭಾನುವಾರದ ಕ್ಲಾಸು ಮಾತ್ರ ಬಿಟ್ಟಿರಲಿಲ್ಲ. ಅಂಥ ಒಂದು ಭಾನುವಾರ ನಮ್ಮ ಮಾಸ್ಟರ್, "ಹೆಬ್ಬಾಳದ ಹತ್ರ ಒಂದು ಸ್ಟುಡಿಯೋ ಇದೆಯಂತೆ. ನಿಂಜಾ ಗೇಮಿಗೆ ಬರಿಗೈಯಲ್ಲಿ ಫೈಟ್ ಮಾಡೋ ಹೆಣ್ಣುಮಕ್ಕಳು ಬೇಕಂತೆ. ಹೋಗ್ತೀರಾ?" ಅಂದರು. ಅಕ್ಕ ನನ್ನನ್ನು ಕೇಳದೆಯೇ ಹ್ಞೂಂ ಅಂದಳು.

ಸ್ಟುಡಿಯೋ ಅಂದರೆ ಕಿಟಕಿಯಿಲ್ಲದ ಒಂದು ದೊಡ್ಡ ಕೋಣೆ. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ಕ್ಯಾಮರಾಗಳು. ನಮಗೆ ಮೈಗೆ ಅಂಟುವ ಕಪ್ಪು ಬಟ್ಟೆ ಹಾಕಿಸಿ, ಕೀಲುಕೀಲಿಗೂ ಹೊಳೆಯುವ ಚಿಕ್ಕ ಗುಂಡುಗಳನ್ನು ಅಂಟಿಸಿದರು. ಕ್ಯಾಮರಾ ಆ ಗುಂಡುಗಳನ್ನು ಮಾತ್ರ ನೋಡುತ್ತದೆ. ನಮ್ಮ ಚಲನೆ ಕಂಪ್ಯೂಟರಿಗೆ ಹೋಗುತ್ತದೆ, ಆಮೇಲೆ ಅದಕ್ಕೆ ಯಾರ ಮೈ ಬೇಕಾದರೂ ತೊಡಿಸಬಹುದು. ಡೈರೆಕ್ಟರ್ ಧಾರವಾಡದ ಕಡೆಯವರು, ಅಕ್ಕನ ವಯಸ್ಸಿನವರೇ ಇರಬೇಕು. "ಹೆದರಬ್ಯಾಡ್ರಿ" ಅಂದರು. "ನಿಮ್ಮ ಮಾರಿ ನಮಗ ಬೇಕಾಗಿಲ್ಲ. ನೀವು ಹೆಂಗ ನಡೀತೀರಿ, ಹೆಂಗ ಒಗೀತೀರಿ, ಅಷ್ಟ ಸಾಕು."

ಹಿಡಿತಗಳೆಲ್ಲ ನಮಗೆ ಗೊತ್ತಿದ್ದವೇ. ಆದರೆ ಆಟಕ್ಕೆ ಬೇಕಾಗಿದ್ದುದು ನಾವು ಕಲಿತದ್ದರ ಅರ್ಧ ಮಾತ್ರ. ನಮ್ಮಲ್ಲಿ ಕುತ್ತಿಗೆಗೆ ತೋಳು ಹಾಕಿ ಬಿಗಿದಾಗ, ಕೆಳಗಿರುವವರು ಆ ತೋಳಿನ ಮೇಲೆ ಎರಡು ಸಲ ತಟ್ಟಿದರೆ 'ಸಾಕು, ಬಿಡು' ಅಂತ ಅರ್ಥ. ತಟ್ಟಿದ ತಕ್ಷಣ ಬಿಡಬೇಕು. ನಾನು ಅಭ್ಯಾಸಬಲದಿಂದ ತಟ್ಟಿದೆ, ಅಕ್ಕ ಬಿಟ್ಟಳು. ಡೈರೆಕ್ಟರ್ ನಿಲ್ಲಿಸಿದರು.

"ಬಿಡಬ್ಯಾಡ್ರಿ. ಅಕಿ ಸಾಯೂತನಕ ಹಿಡೀಬೇಕು."

"ತಟ್ಟಿದ್ಮೇಲೆ ಹಿಡ್ಕೊಂಡಿರೋಕಾಗಲ್ಲ ಸರ್. ನಾವು ಕಲ್ತಿರೋದೇ ಹಂಗೆ" ಅಂದಳು ಅಕ್ಕ.

"ಖರೇ ರೀ. ಆದ್ರ ಆಟದಾಗ ತಟ್ಟೂದು ಇಲ್ಲ."

ಅಕ್ಕ ನನ್ನನ್ನು ಪಕ್ಕಕ್ಕೆ ಕರೆದು, "ನೀನು ತಟ್ಬೇಡ ಕಣೇ. ನಾನು ಒತ್ತಲ್ಲ, ಸುಮ್ನೆ ಹಿಡ್ಕೊಂಡಿರ್ತೀನಿ. ನೀನು ಮೈ ಸಡಿಲ ಬಿಟ್ಬಿಡು" ಅಂದಳು. ಹಾಗೇ ಮಾಡಿದೆವು. ಅವಳ ತೋಳಿನೊಳಗೆ ನಾನು ಎಷ್ಟೋ ಸಲ ಸತ್ತೆ. ಒಂದು ಸಲ ಮಾತ್ರ ನನ್ನ ಕೈ ನನಗೇ ಗೊತ್ತಿಲ್ಲದೆ ತಟ್ಟಿತು. ಒಪ್ಪಿಕೊಂಡ ಮಾತಿನಂತೆ ಅಕ್ಕ ಬಿಡಲಿಲ್ಲ.

ಕೊನೆಯಲ್ಲಿ ಅವಳೊಬ್ಬಳನ್ನೇ ನಿಲ್ಲಿಸಿ, ಏನೂ ಮಾಡದೆ ಉಸಿರಾಡುತ್ತಾ ಇರಿ ಅಂದರು. ಆಡುವವರು ಗುಂಡಿ ಒತ್ತದೆ ಬಿಟ್ಟಾಗ ನಿಂಜಾ ಹಾಗೆ ನಿಂತಿರಬೇಕಂತೆ. ಅಕ್ಕನಿಗೆ ಅಂಗೈ ಬೆವರುವ ಅಭ್ಯಾಸ. ಎಡ ಹೆಗಲನ್ನು ಸ್ವಲ್ಪ ಹಿಂದಕ್ಕೆ ಉರುಳಿಸಿ, ಅಂಗೈಯನ್ನು ತೊಡೆಗೆ ಒರೆಸಿಕೊಂಡಳು. "ಸಾರಿ ಸರ್" ಅಂದಳು. "ಇರ್ಲಿ ಬಿಡ್ರಿ, ಅದ ಚಲೋ ಐತಿ" ಅಂದರು ಡೈರೆಕ್ಟರ್.

ಗೇಮು ಹೊರಗೆ ಬರುವ ಮೊದಲೇ ಅಕ್ಕ ಹೋದಳು. ಮಳೆಗಾಲದಲ್ಲಿ ಬಂದ ಡೆಂಗಿ. ಸೋಮವಾರ ಶಾಲೆಯಿಂದ ತಲೆನೋವು ಅಂತ ಬಂದವಳು ಮುಂದಿನ ಸೋಮವಾರ ಇರಲಿಲ್ಲ. ಐಸಿಯುನಲ್ಲಿ ಅವಳ ಮೈ ಊದಿಕೊಂಡು, ಕೈಕಾಲು ಯಾರದೋ ಅನ್ನುವ ಹಾಗಾಗಿತ್ತು. ಗಾಜಿನಾಚೆಯಿಂದ ನೋಡಿದ ಅಮ್ಮ, "ಇದು ನಮ್ಮುಡ್ಗಿ ಅಲ್ಲ, ಸರಿಯಾಗ್ ನೋಡಮ್ಮ" ಅಂತ ನರ್ಸಿಗೆ ಹೇಳಿದಳು. ಮಣ್ಣು ಮಾಡಿ ಬಂದ ಮೇಲೂ ಆ ಮಾತು ಅವಳ ಬಾಯಿಂದ ಹೋಗಲಿಲ್ಲ. ಬೇರೆ ಯಾರನ್ನೋ ಕೊಟ್ಟು ಕಳಿಸಿದರು ಅನ್ನುವ ಹಾಗೆ ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು.

ಗೇಮು ಬಂದಾಗ ಅಕ್ಕನ ವಿಷಯ ತಿಳಿದು ಡೈರೆಕ್ಟರ್ ಮನೆಗೇ ಬಂದರು. ತಾವು ಬಳಸಿದ್ದ ಹಳೆಯ ಗೇಮ್ ಕನ್ಸೋಲ್ ಒಂದನ್ನು ತಂದು, ಟಿ.ವಿ.ಗೆ ಜೋಡಿಸಿ, ಕಂಟ್ರೋಲರ್ ಹಿಡಿಯುವುದನ್ನು ಹೇಳಿಕೊಟ್ಟು, ಹೆಚ್ಚು ಮಾತಾಡದೆ ಹೋದರು. ಅಮ್ಮ ಆಗ ಅಂಗಡಿಗೆ ಹೋಗಿದ್ದಳು.

ಮರುದಿನ ರಜೆ. ಬೆಳಿಗ್ಗೆ ಹಾಕಿ ನೋಡಿದೆ. ಹಿಮ ಬೀಳುವ ಒಂದು ಕೋಟೆ. ನಿಂಜಾ ಕತ್ತಿ ಕಳೆದುಕೊಂಡು ಒಂದು ಓಣಿಯಲ್ಲಿ ನಿಂತಿದ್ದಳು. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಎಡ ಹೆಗಲು ಹಿಂದಕ್ಕೆ ಉರುಳಿತು. ಅಂಗೈ ತೊಡೆಯನ್ನು ಒರೆಸಿತು.

ಆಮೇಲೆ ಆಡಿದೆ. ಆಡದೆ ಇರಲಾಗಲಿಲ್ಲ. ಎದುರಿಗೆ ಬರುವ ಕಾವಲುಗಾರರು ದೈತ್ಯರಂಥವರು, ಕಬ್ಬಿಣದ ಕವಚ ತೊಟ್ಟವರು. ಅಕ್ಕ ಸೊಂಟ ಕೊಟ್ಟು ಒಗೆದಾಗ ಅವರು ಗದ್ದವನ್ನು ಎದೆಗೆ ಒತ್ತಿಕೊಂಡು, ತೋಳಿನಿಂದ ನೆಲ ಬಡಿದು ಬೀಳುತ್ತಿದ್ದರು. ಅವರೆಲ್ಲರೂ ನಾನೇ. ಆ ಕೋಟೆಯಲ್ಲಿ ಸಾಯುತ್ತಿದ್ದವರೆಲ್ಲ ನಾನೇ. ಹಿಂದಿನಿಂದ ಹೋಗಿ ಕುತ್ತಿಗೆ ಹಿಡಿಯುವ ಗುಂಡಿಯನ್ನು ಒತ್ತಿದೆ. ಕಾವಲುಗಾರನ ದಪ್ಪ ಕೈ ಮೇಲೆದ್ದು ಅವಳ ತೋಳನ್ನು ಎರಡು ಸಲ ತಟ್ಟಿತು. ಅವಳು ಬಿಡಲಿಲ್ಲ. ನಾನು ಕಂಟ್ರೋಲರ್ ಕೆಳಗಿಟ್ಟು ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತೆ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಕಡೆಯಿಂದ ಚಿಕ್ಕ ವಿಮಾನವೊಂದು ತಲೆಯ ಮೇಲೆ ತಗ್ಗಾಗಿ ಹಾರಿಹೋಯಿತು.

ಒಳಗೆ ಬಂದಾಗ ಅಮ್ಮ ಟಿ.ವಿ. ಎದುರು ನಿಂತಿದ್ದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ. ಸ್ಟುಡಿಯೋದಲ್ಲಿ ಏನು ಮಾಡಿದೆವು ಅನ್ನುವುದೂ ಅವಳಿಗೆ ಸರಿಯಾಗಿ ತಿಳಿದಿರಲಿಲ್ಲ.

"ಯಾಕೇ ಇವ್ಳು ಮಖಕ್ಕೆ ಬಟ್ಟೆ ಕಟ್ಕಂಡವ್ಳೆ?" ಅಂದಳು.

"ಯಾರಮ್ಮ?"

"ಯಾರು ಅಂತೀಯಲ್ಲ. ನಿಮ್ಮಕ್ಕ. ಅವ್ಳು ನಿಂತ್ಕಳೋದು ಇಂಗೇ ಅಲ್ವೇನೇ?"

ಅವತ್ತಿನಿಂದ ಶುರುವಾಯಿತು. ಕ್ಲಿನಿಕ್ಕಿಗೆ ಹೊರಡುವ ಮೊದಲು ನಾನು ಗೇಮು ಹಾಕಿ, ನಿಂಜಾಳನ್ನು ಆ ಹಿಮದ ಓಣಿಗೆ ತಂದು ನಿಲ್ಲಿಸಿ ಹೋಗಬೇಕು. ಅಮ್ಮ ಸೊಪ್ಪು ಬಿಡಿಸಿಕೊಂಡು, ಅಕ್ಕಿ ಆರಿಸಿಕೊಂಡು ಅದರೆದುರು ಕೂರುತ್ತಿದ್ದಳು. ಸಂಜೆ ಬಂದಾಗಲೂ ಅಲ್ಲೇ. "ಅವ್ಳಿಗೆ ಚಳಿ ಆಗಲ್ವಾ?" ಅಂತ ಕೇಳುತ್ತಿದ್ದಳು. ಮೊದಮೊದಲು ನನಗೂ ಸಮಾಧಾನವಾಗಿತ್ತು. ಅಮ್ಮ ಬಾಗಿಲು ನೋಡುವುದನ್ನು ಬಿಟ್ಟಿದ್ದಳು. ಬರುಬರುತ್ತಾ ಹೆದರಿಕೆಯಾಯಿತು. ಕೆರೆಯ ಕಡೆ ವಾಕಿಂಗ್ ಹೋಗುವುದು, ಪಕ್ಕದ ಮನೆಯವರ ಜೊತೆ ಮಾತು, ಎಲ್ಲ ನಿಂತವು. ಒಂದು ದಿನ ಕರೆಂಟ್ ಹೋಗಿ ಪರದೆ ಕಪ್ಪಾಗಿದ್ದಾಗ ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ನಾನು ನಿಂಜಾಳನ್ನು ತಪ್ಪಾದ ಕಡೆ ನಿಲ್ಲಿಸಿಬಿಟ್ಟಿದ್ದೆ. ನಾನು ಅಡುಗೆಮನೆಯಲ್ಲಿದ್ದೆ, ಅಮ್ಮ ಕಿರುಚಿಕೊಂಡಳು. ಓಡಿ ಬಂದೆ. ಈಟಿ ಹಿಡಿದ ಕಾವಲುಗಾರನೊಬ್ಬ ಬಂದು ನಿಂತಿದ್ದವಳನ್ನು ಇರಿದಿದ್ದ. ನಿಂಜಾ ಮಂಡಿಯೂರಿ, ಒಂದು ಪಕ್ಕಕ್ಕೆ ಹೊರಳಿ, ಹಿಮದ ಮೇಲೆ ಬಿದ್ದಳು. ಅಮ್ಮ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬಿದ್ದಿದ್ದು ನೀನು" ಅಂದಳು. "ನಿಂತಿದ್ದೋಳು ಅವ್ಳು. ಬಿದ್ದಿದ್ದು ನೀನು ಕಣೇ."

ಆಗ ನೆನಪಾಯಿತು. ನಿಂಜಾ ಸಾಯುವುದನ್ನೂ ರೆಕಾರ್ಡ್ ಮಾಡಬೇಕಾಗಿತ್ತು. ಅಕ್ಕನಿಗೆ ಸತ್ತ ಹಾಗೆ ಬೀಳಲು ಬರಲೇ ಇಲ್ಲ. ಪ್ರತಿ ಸಲವೂ ನಗು ಬಂದು ಎದ್ದುಬಿಡುತ್ತಿದ್ದಳು. ಕೊನೆಗೆ ಅದನ್ನು ನನ್ನಿಂದ ಮಾಡಿಸಿದರು. ಅವಳ ಜಾಗದಲ್ಲಿ ಸಾಯುವವಳು ನಾನು. ಅಮ್ಮನಿಗೆ ಅದನ್ನು ಹೇಳಿದೆ. ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಬೆನ್ನಿನ ಮೇಲೆ, ತಲೆಯ ಹಿಂದೆ, ಪೆಟ್ಟಾಗಿದೆಯಾ ಅಂತ ನೋಡುವ ಹಾಗೆ ಕೈಯಾಡಿಸಿದಳು. ಅಕ್ಕ ಹೋದ ಮೇಲೆ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು ಅನ್ನಿಸಿತು.

ಕೆಲವು ತಿಂಗಳ ಮೇಲೆ ಡೈರೆಕ್ಟರ್ ಫೋನ್ ಮಾಡಿದರು. ಎರಡನೇ ಭಾಗ ಬರುತ್ತಿದೆ, ಅದೇ ನಿಂಜಾ, ಹೊಸ ಹಿಡಿತಗಳು ಬೇಕು. "ಅಕ್ಕಾರ್ನ ನಿಮ್ಮಷ್ಟು ಬಲ್ಲವ್ರು ಯಾರದಾರ? ಮನಸ್ಸಿಲ್ದಿದ್ರ ಬ್ಯಾಡ್ರಿ" ಅಂದರು. ನಾನು ಹೋದೆ. ಕಪ್ಪು ಬಟ್ಟೆ ಹಾಕಿಕೊಂಡು ಕೋಣೆಯ ನಡುವೆ ನಿಂತೆ. ಎದುರಿನ ಪರದೆಯಲ್ಲಿ ಬರೀ ಕಡ್ಡಿಯಂಥ ಒಂದು ಆಕೃತಿ, ನಾನು ಮಾಡಿದ್ದನ್ನು ಮಾಡುತ್ತಿತ್ತು. ಎಡ ಹೆಗಲನ್ನು ಹಿಂದಕ್ಕೆ ಉರುಳಿಸಿದೆ. ಅಂಗೈಯನ್ನು ತೊಡೆಗೆ ಒರೆಸಿದೆ. ಪರದೆಯ ಮೇಲಿದ್ದದ್ದು ಅಕ್ಕ ಆಗಿರಲಿಲ್ಲ, ನಾನೂ ಆಗಿರಲಿಲ್ಲ. ಅವಳನ್ನು ಅಣಕಿಸುವ ಯಾರೋ ಮೂರನೆಯವಳು ಅಲ್ಲಿ ನಿಂತಿದ್ದಳು.

"ಆಗಲ್ಲ ಸರ್" ಅಂದೆ.

ಅವರೂ ಪರದೆಯಿಂದ ಮುಖ ತಿರುಗಿಸಿಕೊಂಡಿದ್ದರು. "ಬ್ಯಾಡ ಬಿಡ್ರಿ" ಅಂದರು. ಕಂಪ್ಯೂಟರಿನ ಕಡೆ ಕೈ ತೋರಿಸಿ, "ಅವತ್ತಿನ ರೆಕಾರ್ಡಿಂಗ್ ಪೂರ್ತಿ ಇಲ್ಲೇ ಐತ್ರಿ. ಆಟಕ್ಕ ಬೇಕಾದ್ದಷ್ಟ ಕತ್ತರಿಸಿ ತಗೊಂಡೇವಿ. ಉಳಿದದ್ದು ಯಾರೂ ನೋಡಿಲ್ಲ. ನೋಡ್ತೀರೇನು?" ಅಂದರು.

"ನಮ್ಮಮ್ಮನ್ನ ಕರ್ಕೊಂಡು ಬರ್ತೀನಿ" ಅಂದೆ.

ಅಮ್ಮ ಮದುವೆ ಮನೆಗೆ ಹೊರಟವಳ ಹಾಗೆ ಒಳ್ಳೆ ಸೀರೆ ಉಟ್ಟು ಬಂದಳು. ಕೋಣೆಯಲ್ಲಿ ಅವಳಿಗೊಂದು ಕುರ್ಚಿ ಹಾಕಿದರು. ಪರದೆಯ ಮೇಲೆ ಕೋಟೆ ಇಲ್ಲ, ಹಿಮ ಇಲ್ಲ, ಮುಸುಕಿಲ್ಲ. ಕತ್ತಲಲ್ಲಿ ಬಿಳಿ ಚುಕ್ಕೆಗಳು ಮಾತ್ರ. ಚುಕ್ಕೆಗಳ ಒಂದು ಗೊಂಚಲು ಇನ್ನೊಂದನ್ನು ಎತ್ತಿ ಒಗೆಯಿತು. ಇದು ಅಮ್ಮನಿಗೆ ಅರ್ಥವಾಗುತ್ತದೋ ಇಲ್ಲವೋ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಬೆರಳು ತೋರಿಸಿದಳು. "ಇದು ದೊಡ್ಡೋಳು. ಕೆಳಗಿರೋದು ನೀನು."

ಗೇಮಿನಲ್ಲಿ ಒಗೆದರೆ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಮುಗಿಯಲಿಲ್ಲ. ಅಕ್ಕನ ಚುಕ್ಕೆಗಳು ಬಾಗಿ, ನನ್ನ ಚುಕ್ಕೆಗಳನ್ನು ಎಳೆದು ಎಬ್ಬಿಸಿದವು. ಅವಳ ಕೈ ನನ್ನ ಬೆನ್ನನ್ನು ಕೊಡವಿತು. ಪ್ರತಿ ಸಲ ಒಗೆದ ಮೇಲೂ ಹಾಗೇ ಮಾಡಿದ್ದಳು. ಅದು ನನಗೆ ನೆನಪೇ ಇರಲಿಲ್ಲ. "ನೋಡು, ದೂಳ್ ಒದರ್ತಾವ್ಳೆ" ಅಂದಳು ಅಮ್ಮ. ನಾನು ತಲೆಯಾಡಿಸಿದೆ.

ಆಮೇಲೆ ಎರಡೂ ಗೊಂಚಲುಗಳು ಪಕ್ಕಪಕ್ಕದಲ್ಲಿ ನಡೆಯುತ್ತಾ ಪರದೆಯ ಅಂಚಿಗೆ ಹೋದವು. ಅಲ್ಲಿ ಚುಕ್ಕೆಗಳು ಒಂದೊಂದಾಗಿ ಆರಿದವು. ಕತ್ತಲು ಮಾತ್ರ ಉಳಿಯಿತು.

"ಎಲ್ಗೋದ್ರು?" ಅಂದಳು ಅಮ್ಮ.

"ಕ್ಯಾಮರಾಕ್ಕ ಅಲ್ಲೀತನಕ ಅಷ್ಟ ಕಾಣ್ತೈತ್ರಿ ಅಮ್ಮಾರ" ಅಂದರು ಡೈರೆಕ್ಟರ್. "ಹೊರಗ ಹೋಗ್ಯಾರ. ತಡೀರಿ, ವಾಪಸ್ ಬರ್ತಾರ."

ಅಮ್ಮ ಸ್ವಲ್ಪ ಹೊತ್ತು ಆ ಕತ್ತಲನ್ನೇ ನೋಡಿದಳು. "ಬ್ಯಾಡ ಕಣಪ್ಪ" ಅಂದಳು. "ಇಲ್ಗೇ ನಿಲ್ಸು. ಮತ್ತೆ ಕರಿಯೋದ್ ಬ್ಯಾಡ."

ಅವರು ನಿಲ್ಲಿಸಿದರು. ಎರಡನೇ ಭಾಗಕ್ಕೆ ನಿಂಜಾಗೆ ತಂಗಿಯೊಬ್ಬಳನ್ನು ಸೇರಿಸುವಂತೆ ಕಂಪನಿಯವರನ್ನು ಕೇಳುತ್ತೇನೆ, ಅವಳ ಹೊಡೆದಾಟ ನೀವು ನಿಮ್ಮ ಹಾಗೆಯೇ ಮಾಡಿ ಅಂದರು. ಆಗಲಿ ಅಂದೆ. ಅದು ಆಗುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅಮ್ಮ ಆಮೇಲೆ ಗೇಮು ಹಾಕು ಅಂತ ಕೇಳಿಲ್ಲ. ನಾನೂ ಹಾಕಿಲ್ಲ. ಆದರೂ ಟಿ.ವಿ. ಆರಿಸಿದಾಗ ಆ ಕಪ್ಪು ಗಾಜಿನ ಎದುರು ಹೆಚ್ಚು ಹೊತ್ತು ನಿಲ್ಲಲು ನನಗೆ ಇವತ್ತಿಗೂ ಧೈರ್ಯ ಸಾಲದು.

ಅವತ್ತು ಬಸ್ಸಿನಲ್ಲಿ ಮನೆಗೆ ಬರುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತಿತ್ತು. ಅಮ್ಮ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಆಚೆ ಓಗಿ ಏನ್ ಮಾಡಿದ್ರಿ ಇಬ್ರೂ?"

"ನೀರು ಕುಡಿದ್ವಿ" ಅಂದೆ. "ಅವಳು ತನ್ನ ಬಾಟ್ಲಿ ಖಾಲಿ ಮಾಡ್ಕೊಂಡು ನನ್ನದನ್ನೂ ಕಿತ್ಕೊಂಡ್ಲು."

"ಕೊಟ್ಯಾ?"

"ಕೊಟ್ಟೆ ಅಮ್ಮ."

ಅಮ್ಮ ಹ್ಞೂಂ ಅಂದಳು. ಬಸ್ಸು ಹೊರಟಿತು.