ಮೂರನೆಯ ವನ್ಸ್ ಮೋರ್

ನಿಮ್ಮ ಮೊದಲ ಪಾತ್ರ ಯಾವುದೆಂದು ಯಾರಾದರೂ ಕೇಳಿದರೆ ಹೆಣದ್ದು ಎನ್ನುತ್ತೇನೆ. ಕೇಳಿದವರು ನಗುತ್ತಾರೆ. ನಗಲಿ. ಕನ್ನಡ ನಾಡು ಒಂದಾಗಿ ಎರಡೋ ಮೂರೋ ವರ್ಷವಾಗಿದ್ದ ಆ ಕಾಲದಲ್ಲಿ ನಮ್ಮ ನಾಟಕ ಕಂಪನಿ ತನ್ನ ತಗಡಿನ ಥೇಟರನ್ನು ಹೊತ್ತುಕೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ ಎಂದು ತಿರುಗುತ್ತಿತ್ತು. ನನಗೆ ಎಂಟು ವರ್ಷ, ವಾರಕ್ಕೆ ಮೂರು ಸಲ ಸಾಯುತ್ತಿದ್ದೆ. ನಾಟಕದಲ್ಲಿ ನಾನು ಒಬ್ಬ ವಿಧವೆಯ ಮಗ. ಅದಕ್ಕೆಂದೇ ನನ್ನ ಕೂದಲು ಕತ್ತರಿಸಿ ಗಂಡುಹುಡುಗನನ್ನಾಗಿ ಮಾಡಿದ್ದರು. ವಿಧವೆಯ ಪಾತ್ರ ನನ್ನ ಹೆತ್ತ ತಾಯಿ ಹುಸೇನಬಿಯದು.

ಅವ್ವ ಹತ್ತಿ ಹಿಂಜುವವರ ಮನೆಯ ಮಗಳು. ಅವಳು ಮುಖಕ್ಕೆ ಬಣ್ಣ ಹಚ್ಚಿದ ದಿನವೇ ಅಣ್ಣಂದಿರು ಬಾಗಿಲು ಹಾಕಿಕೊಂಡರು. ಆಮೇಲೆ ನಮ್ಮಿಬ್ಬರ ಹೊಟ್ಟೆ ತುಂಬಿಸಿದ್ದು ಅವಳ ಗಂಟಲು. ನಾನು ಜ್ವರ ಬಂದು ಸತ್ತ ಕೂಡಲೇ ಅವಳು ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹಾಡು ಹಾಡುತ್ತಿದ್ದಳು. ಆ ಹಾಡು ಕೇಳಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಹೆಣವಾಗುವುದನ್ನು ಅವ್ವ ನನಗೆ ತಿಂಗಳುಗಟ್ಟಲೆ ಕಲಿಸಿದ್ದಳು. ಎದೆ ಏರಿಳಿಯದಂತೆ ಹೊಟ್ಟೆಯಿಂದ ಉಸಿರಾಡಬೇಕು. ನೊಣ ಕೂತರೂ ರೆಪ್ಪೆ ಅಲುಗಬಾರದು. "ಮಾತಾಡೋರು ತಪ್ಪಿದ್ರ ಮುಂದಿನ ಮಾತಿನ್ಯಾಗ ಮುಚ್ಚಿ ಹಾಕ್ತಾರ. ಹೆಣ ತಪ್ಪಿದ್ರ ಮುಗೀತು, ಕಾಲ್ಬೆರಳ ಅಳ್ಳಾಡಿದ್ರೂ ನಾಟಕ ಕೆಡತೈತಿ," ಎನ್ನುತ್ತಿದ್ದಳು. ನಾನು ಎಷ್ಟು ಚೆನ್ನಾಗಿ ಸಾಯುತ್ತಿದ್ದೆನೆಂದರೆ ಊರಿನ ಹುಡುಗರು ಕುಂಟಾಬಿಲ್ಲೆ ಬಿಟ್ಟು ಬಂದು, "ಏ, ಒಮ್ಮಿ ಸತ್ತ ತೋರಸ," ಎಂದು ಗಂಟು ಬೀಳುತ್ತಿದ್ದರು. ಬೊಗಸೆ ಸೀತನಿ ಕೊಟ್ಟರೆ ಮಾತ್ರ ಎಂದು ನಾನು ಕರಾರು ಹಾಕುತ್ತಿದ್ದೆ. ಕೆಂಡದಲ್ಲಿ ಸುಟ್ಟು ತಿಕ್ಕಿದ ಆ ಎಳೆಜೋಳದ ಹಾಲು, ಅದರ ಜೊತೆಗಿನ ಅಗಸಿ ಹಿಂಡಿಯ ಖಾರ, ಅದಕ್ಕಾಗಿ ಬಾಗೇವಾಡಿಯ ಎಲ್ಲ ಓಣಿಗಳಲ್ಲೂ ಸತ್ತಿದ್ದೇನೆ.

ಆ ವರ್ಷದ ಚಳಿಗಾಲದಲ್ಲಿ ಕಂಪನಿ ಬಸವನ ಬಾಗೇವಾಡಿಯಲ್ಲಿತ್ತು. ಸಂತೆಯ ದಿನ ಮಧ್ಯಾಹ್ನವೂ ಒಂದು ಆಟವಿರುತ್ತಿತ್ತು. ಗೊಳಸಂಗಿ, ಮಸೂತಿ ಕಡೆಯ ಹೆಣ್ಣುಮಕ್ಕಳು ಸಂತೆ ಮುಗಿಸಿ, ಒಣಮೆಣಸಿನಕಾಯಿ, ಕೊತ್ತಂಬರಿಯ ಗಂಟುಗಳ ಸಮೇತ ಬಂದು ಹಿಂದೆ ನೆಲದ ಮೇಲೆ ಕೂತು, ನಾಟಕ ನೋಡಿ, ಹೊತ್ತು ಮುಳುಗುವುದರೊಳಗೆ ಊರು ಸೇರುತ್ತಿದ್ದರು. ಮುಂದಿನ ಸಾಲಿನ ನಡುವಿನ ಕುರ್ಚಿ ಮಾತ್ರ ಊರ ಧಣಿಯದು. ಥೇಟರು ನಿಂತ ಜಾಗ ಅವನದೇ.

ಈಗಿನವರಿಗೆ ವನ್ಸ್ ಮೋರ್ ಎಂದರೆ ಏನೆಂದು ಬಿಡಿಸಿ ಹೇಳಬೇಕು. ಹಾಡು ಹಿಡಿಸಿದರೆ ಜನ ಹಾಗೆ ಕೂಗುತ್ತಿದ್ದರು, ನಟರು ಮತ್ತೆ ಹಾಡಲೇಬೇಕು. ಇಲ್ಲ ಎನ್ನುವಂತಿರಲಿಲ್ಲ. ಸತ್ತವರೂ ಎದ್ದು ಮತ್ತೆ ಸಾಯಬೇಕು. ನಾನು ತೊಡೆಯಿಂದ ಎದ್ದು, ಹೊರಸಿನ ಮೇಲೆ ಹೋಗಿ ಮಲಗಿ, ನರಳಿ, ಎದ್ದು ಅವ್ವನ ಕಡೆ ಎರಡು ಹೆಜ್ಜೆ ಇಟ್ಟು, ಬಿದ್ದು ಸಾಯುತ್ತಿದ್ದೆ. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. ಮೊದಲ ಸಲಕ್ಕಿಂತ ಎರಡನೆಯ ಸಲವೇ ಹೆಂಗಸರು ಹೆಚ್ಚು ಅಳುತ್ತಿದ್ದರು.

ಆ ಚಳಿಗಾಳಿಗೆ, ಧೂಳಿಗೆ ಅವ್ವನ ಗಂಟಲು ಕೆಟ್ಟಿತು. ಜೇಷ್ಠಮಧು ಅಗಿದಳು, ಅರಿಶಿನದ ಹಾಲು ಕುಡಿದಳು. ಒಂದು ಮುಂಜಾನೆ ಉಗುಳಿದಾಗ ರಕ್ತದ ಎಳೆ ಕಂಡಿತು. ದವಾಖಾನೆಯ ಡಾಕ್ಟರು ನನ್ನೆದುರಿಗೇ ಹೇಳಿದರು: "ಹದಿನೈದ ದಿನ ಹಾಡಬ್ಯಾಡವಾ. ಹಾಡಿದಿ ಅಂದ್ರ ಈ ದನಿ ನಿನಗ ಮತ್ತ ಸಿಗಂಗಿಲ್ಲ." ಕಂಪನಿಯ ಮಾಲಕರಿಗೆ ಅವ್ವ ಇದನ್ನು ಹೇಳಿದಳು. ಅವರು ತಲೆ ಕೆರೆದುಕೊಂಡು, "ಬೋರ್ಡಿನ ಮ್ಯಾಲೆ ನಿನ್ನ ಹೆಸರೈತಿ, ಬಿಡಾಕ ಬರಂಗಿಲ್ಲ. ಆಟಕ್ಕೊಮ್ಮಿ ಹಾಡು. ವನ್ಸ್ ಮೋರ್ ಅಂದ್ರ ನಾನ ಬಂದು ಕೈ ಮುಗೀತೇನಿ," ಎಂದರು. ಅವ್ವ ಒಪ್ಪಿಕೊಂಡಳು.

ಸಂತೆಯ ದಿನ ಬಂತು. ತಗಡು ಕಾದಿತ್ತು, ಥೇಟರಿನೊಳಗೆಲ್ಲ ಮೆಣಸಿನಕಾಯಿಯ ಘಾಟು. ಅವ್ವ ಹಾಡಿದಳು. ಧಣಿ ವನ್ಸ್ ಮೋರ್ ಎಂದ. ಕೈ ಮುಗಿಯಬೇಕಾಗಿದ್ದ ಮಾಲಕರು ಪರದೆಯ ಮರೆಯಿಂದ ಹೊರಗೇ ಬರಲಿಲ್ಲ. ನಾನು ಎದ್ದು ಹೋಗಿ ಮತ್ತೆ ಸತ್ತೆ. ಅವ್ವ ಮತ್ತೆ ಹಾಡಿದಳು. ಮೇಲಿನ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಹಿಂದೆ ಕೂತ ಹೆಂಗಸರು ಲೊಚಗುಟ್ಟಿದ್ದು ನನಗೆ ಕೇಳಿಸಿತು. ನನ್ನ ಕಿವಿ ಅವಳ ಹೊಟ್ಟೆಗೆ ಆನಿಕೊಂಡಿತ್ತು, ಅವಳು ಉಸಿರನ್ನು ಕಷ್ಟಪಟ್ಟು ಎಳೆದುಕೊಳ್ಳುತ್ತಿದ್ದಳು. ಹಾಡು ಮುಗಿಯಿತು. ಧಣಿ ಕುರ್ಚಿಯ ಕೈಗೆ ಬಡಿದ.

"ಒಡದ ಹೋತು, ಛಲೋ ಆಗಲಿಲ್ಲ. ವನ್ಸ್ ಮೋರ್!"

ಮಾಲಕರು ಮರೆಯಿಂದಲೇ ಶುರು ಮಾಡು ಎಂದು ಕೈ ತಿರುವಿದರು. ಪೇಟಿ ಮಾಸ್ತರು ಹಾರ್ಮೋನಿಯಂ ಮೇಲಿಂದ ಕೈ ತೆಗೆದವರು ಮತ್ತೆ ಇಟ್ಟರು. ನಾನು ಎದ್ದೆ. ಹೊರಸಿನ ಕಡೆ ಹೋಗಲಿಲ್ಲ. ದೀಪಗಳ ಹತ್ತಿರ ಬಂದು ನಿಂತೆ.

"ಧಣೇರ, ಅವ್ವನ ಗಂಟಲಾಗ ರಕ್ತ ಬರಾಕತ್ತೈತಿ. ನಾ ಎರಡ ಸಲ ಸತ್ತೇನಿ. ಮತ್ತ ಸಾಯಂಗಿಲ್ಲ."

ಯಾರೋ ಕಿಸಕ್ಕೆಂದು ನಕ್ಕರು. ಆಗ ಹಿಂದಿನಿಂದ ಗೊಳಸಂಗಿಯ ಒಬ್ಬ ಮುದುಕಿ ಗಂಟು ಸರಿಸಿ ಎದ್ದು ನಿಂತಳು. "ಕೂಸು ಖರೇನ ಹೇಳತೈತಿ. ನಿಮ್ಮ ಮನ್ಯಾಗ ಸತ್ರ ಮೂರ್ಮೂರ ಸಲ ಅಳ್ತೀರೇನ್ರಿ?" ಎಂದಳು. ಧಣಿ ಶಲ್ಯ ಕೊಡವಿಕೊಂಡು ಹೊರಟುಹೋದ. ಪರದೆ ಬಿತ್ತು.

ಪರದೆಯ ಹಿಂದೆ ಅವ್ವ ನನ್ನ ಕೆನ್ನೆಗೆ ಬಾರಿಸಿದಳು. ಅಂಥ ಏಟನ್ನು ಅವಳು ಹಿಂದೆ ಎಂದೂ ಕೊಟ್ಟಿರಲಿಲ್ಲ.

"ಹೆಣ ಎದ್ದು ಮಾತಾಡಿದ್ರ ನಾಟಕ ಉಳೀತೈತೇನ? ಇದನ್ನ ಕಲಿಸಿದ್ನೇನ ನಿನಗ?"

ಮಾಲಕರು ಓಡಿ ಬಂದರು. "ಬರೇ ಬಡದ್ರ ಆಗಂಗಿಲ್ಲ. ಈಗಿಂದೀಗ ಧಣೇರ ಮನಿಗಿ ಹೋಗು, ಹುಡುಗೀನ ಅವರ ಕಾಲಿಗಿ ಬೀಳಸು. ಜಾಗಾ ಅವರದೈತಿ."

ಅವ್ವ ಸೆರಗಿನಿಂದ ನನ್ನ ಮುಖದ ಬಣ್ಣ ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಒಡೆದ ದನಿಯಲ್ಲೇ ಹೇಳಿದಳು: "ನಾಟಕ ಕೆಡಿಸಿದ್ಲು, ಬಡದೇನಿ. ಖರೇ ಮಾತಾಡಿದ್ದಕ್ಕ ಯಾರ ಕಾಲಿಗೂ ಬೀಳಸಂಗಿಲ್ರಿ."

"ಹಂಗಾರ ಗಂಟು ಕಟ್ಟು."

"ಕಟ್ತೇನ್ರಿ."

ಮರುದಿನ ಮುಂಜಾನೆ ಮುದ್ದೇಬಿಹಾಳದ ಬಸ್ಸು ಹತ್ತಿದೆವು. ಪೇಟಿ ಮಾಸ್ತರು ಬಸ್‌ಸ್ಟ್ಯಾಂಡಿಗೆ ಬಂದು ಅವ್ವನ ಕೈಗೆ ಜೇಷ್ಠಮಧುವಿನ ಪೊಟ್ಟಣ ಕೊಟ್ಟು, ಕಣ್ಣೆತ್ತಿ ನೋಡದೆ ಹೋದರು. ಅವ್ವ ಹದಿನೈದು ದಿನವಲ್ಲ, ಎರಡು ತಿಂಗಳು ಹಾಡಲಿಲ್ಲ. ಆದರೂ ದನಿ ಬರಲಿಲ್ಲ. ಮುದ್ದೇಬಿಹಾಳದ ಸಣ್ಣ ಕಂಪನಿಯೊಂದರಲ್ಲಿ ಅವಳಿಗೆ ಅತ್ತೆಯ ಪಾತ್ರ ಸಿಕ್ಕಿತು. ಆ ಗೊಗ್ಗರು ದನಿಯಲ್ಲಿ ಸೊಸೆಯನ್ನು ಬೈಯತೊಡಗಿದರೆ ಮುಂದೆ ಕೂತ ಮಕ್ಕಳು ತಾಯಂದಿರ ಸೆರಗು ಹಿಡಿಯುತ್ತಿದ್ದರು. ಅದರಿಂದಲೂ ಹೆಸರು ಮಾಡಿದಳು. ಹಾಡು ಮಾತ್ರ ಮುಗಿದುಹೋಗಿತ್ತು.

ನಾನು ಮುಂದೆ ಸಿನೆಮಾಕ್ಕೆ ಹೋದೆ. ಸುಳ್ಳು ಹೇಳುವುದಿಲ್ಲ, ಅಲ್ಲಿ ಪಾತ್ರಕ್ಕಾಗಿ ಬಾಗಬಾರದ ಬಾಗಿಲುಗಳಲ್ಲಿ ಬಾಗಿದ್ದೇನೆ. ಸರಿಯಲ್ಲ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದೇನೆ. ಎಂಟು ವರ್ಷದ ಆ ಹುಡುಗಿಯಷ್ಟು ಧೈರ್ಯ ನನಗೆ ಆಮೇಲೆ ಎಂದೂ ಬರಲಿಲ್ಲ. ಅವ್ವನ ಹಾಡನ್ನು ಯಾರೂ ಮುದ್ರಿಸಿಕೊಳ್ಳಲಿಲ್ಲ, ಗ್ರಾಮಫೋನ್ ಕಂಪನಿಯವರು ನಮ್ಮ ಕಡೆ ಸುಳಿಯಲೇ ಇಲ್ಲ. ಅದನ್ನು ಕೇಳಿದವರೂ ಒಬ್ಬೊಬ್ಬರಾಗಿ ಹೋದರು.

ಅವಳ ಕೊನೆಗಾಲದಲ್ಲಿ ಒಮ್ಮೆ ಕೇಳಿದೆ: "ಅವತ್ತ ನಾ ಎದ್ದು ನಿಂದರದಿದ್ರ ನೀ ಹಾಡ್ತಿದ್ದ್ಯೇನಬೇ?"

"ಹಾಡ್ತಿದ್ದೆ."

"ದನಿ ಬರ್ತಿತ್ತೇನ?"

"ಯಾಂವಗ ಗೊತ್ತು. ನೀ ಎಲ್ಲಿ ಬಿಟ್ಟಿ?" ಎಂದು ಅದೇ ಗೊಗ್ಗರು ದನಿಯಲ್ಲಿ ನಕ್ಕಳು.

ಹಾಗಾದರೆ ಅವ್ವನ ಕೊನೆಯ ಹಾಡನ್ನು ನಿಲ್ಲಿಸಿದವಳು ನಾನೇ. ಅದನ್ನು ಇನ್ನೊಮ್ಮೆ ಕೇಳಲು ಇವತ್ತು ಏನು ಬೇಕಾದರೂ ಕೊಟ್ಟೇನು. ಆದರೆ ಆ ಮಧ್ಯಾಹ್ನವೇ ಮರಳಿ ಬಂದು, ಅದೇ ಧಣಿ ಅದೇ ಕುರ್ಚಿಯಲ್ಲಿ ಕೂತು ಕೂಗಿದರೆ, ಮತ್ತೆ ಎದ್ದು ನಿಲ್ಲುತ್ತೇನೆ.