ಮದುವೆ ಸೋಡಾ ಮತ್ತು ಕೂರದ ಗೋಲಿ

ಕೊಪ್ಪದಲ್ಲಿ ನಮ್ಮ ಮನೆಯ ಕೊಟ್ಟಿಗೆಯಲ್ಲಿ ದನ ಇರಲಿಲ್ಲ, ಸೋಡಾ ಮೆಷಿನ್ ಇತ್ತು. ಹಸಿರು ಬಣ್ಣ ಬಳಿದ ಕಬ್ಬಿಣದ ಚೌಕಟ್ಟು, ಪಕ್ಕದಲ್ಲೊಂದು ಹಿಡಿಕೆ, ಬಾಟಲಿ ಒಡೆದರೆ ಚೂರು ಮುಖಕ್ಕೆ ಸಿಡಿಯದ ಹಾಗೆ ಒಂದು ತಂತಿ ಬಲೆ, ಗೋಡೆಗೊರಗಿ ನಿಂತ ಗ್ಯಾಸ್ ಸಿಲಿಂಡರು. ನೀರು ತುಂಬಿದ ಗೋಲಿ ಬಾಟಲಿಗಳನ್ನು ಚೌಕಟ್ಟಿಗೆ ಸಿಕ್ಕಿಸಿ, ಗ್ಯಾಸ್ ಬಿಟ್ಟು, ಹಿಡಿಕೆ ಹಿಡಿದು ಗಿರಗಿರ ತಿರುಗಿಸಬೇಕು. ಬಾಟಲಿ ತಲೆಕೆಳಗಾದಾಗ ಗೋಲಿ ಉರುಳಿ ಬಂದು ಕತ್ತಿನ ರಬ್ಬರ್ ಬಳೆಗೆ ಒತ್ತಿ ಕೂರುತ್ತದೆ. ಕೂತಾಗ 'ಟಕ್' ಅಂತ ಒಂದು ಸದ್ದು. ಆ ಸದ್ದು ನೆನಪಾದರೆ ಇವತ್ತಿಗೂ ನನ್ನ ಅಂಗೈ ಹಿಡಿಕೆ ಹುಡುಕುತ್ತದೆ.

ಮೆಷಿನ್ ಅತ್ತೆಯದು. ಅತ್ತೆ ಅಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಶೃಂಗೇರಿಯಿಂದ ನಮ್ಮಲ್ಲಿಗೆ ಬಂದವಳು. ಸುಮ್ಮನೆ ಕೂತು ಉಣ್ಣುವ ಜಾಯಮಾನವಲ್ಲ. ಪೇಟೆಯಲ್ಲಿ ಸೋಡಾ ಮಾಡುತ್ತಿದ್ದ ಸಾಬರಿಗೆ ರಟ್ಟೆಯ ಕಸುವು ಕಡಿಮೆಯಾಗಿ ಮೆಷಿನ್ ಮಾರುತ್ತಾರಂತೆ ಎಂದು ಕಿವಿಗೆ ಬಿದ್ದದ್ದೇ ತಡ, ಹೋಗಿ ಮಾತಾಡಿ ಮುಗಿಸಿಕೊಂಡು ಬಂದಳು. ಸಾಬರೇ ಕೊಟ್ಟಿಗೆಗೆ ಬಂದು ಮೆಷಿನ್ ಕೂರಿಸಿ, ತಿರುಗಿಸುವುದು ಕಲಿಸಿಕೊಟ್ಟರು. ಅಂಗಡಿಯವರು ಮಾತ್ರ ನಕ್ಕರು. "ಹೆಂಗಸ್ರು ತಿರುಗಿಸಿದ ಸೋಡಾದಲ್ಲಿ ಗ್ಯಾಸ್ ಇರ್ತದಾ ಮಾರಾಯ್ರೆ?" ಅಂದರಂತೆ. ಆಗ ಸಾಬರು ಅಂಗಡಿ ಅಂಗಡಿಗೆ ಹೋಗಿ, "ಮೆಷಿನ್ ನಂದು, ಕಲಿಸಿದ್ದು ನಾನು. ಸಪ್ಪೆ ಬಂದ್ರೆ ನನ್ನ ಹಿಡ್ಕೊಂಡು ಕೇಳಿ" ಅಂದರು. ಅತ್ತೆಯ ಸೋಡಾ ಪೇಟೆಗೆ ಹತ್ತಿದ್ದು ಆ ಒಂದು ಮಾತಿನಿಂದ.

ನಾನು ಆಗ ಬಾಳಗಡಿಯಲ್ಲಿ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ಹೊಲಿಗೆ ಕಲಿ, ಹಾಡು ಕಲಿ ಎಂದು ಅಮ್ಮ ಹೇಳುತ್ತಿದ್ದರೆ ನಾನು ಸ್ಪ್ಯಾನರ್ ಹಿಡಿದು ಕೊಟ್ಟಿಗೆ ಸೇರುತ್ತಿದ್ದೆ. ವಾರಕ್ಕೊಮ್ಮೆ ಮೆಷಿನ್ನಿನ ನಟ್ಟು ಬಿಚ್ಚಿ, ವಾಷರ್ ಒರೆಸಿ, ತಿರುಗುವ ಜಾಗಕ್ಕೆಲ್ಲ ಎಣ್ಣೆ ಬಿಡುವುದು ನನ್ನ ಕೆಲಸ. ಅತ್ತೆಗೂ ನನಗೂ ಅದು ಹಬ್ಬದ ಅಡುಗೆಯಷ್ಟೇ ಸಡಗರ.

ಆ ಬೇಸಿಗೆಯಲ್ಲಿ ಸಾಬರ ಮಗಳ ಮದುವೆ ನಿಶ್ಚಯವಾಯಿತು. ಗಂಡಿನವರು ನರಸಿಂಹರಾಜಪುರದವರು. ಊಟ ಆದ ಮೇಲೆ ಎಲ್ಲರಿಗೂ ಕಂಪೆನಿಯ ಕೂಲ್‌ಡ್ರಿಂಕ್ಸ್ ನಾವೇ ತರುತ್ತೇವೆ ಎಂದು ಅವರು ಹೇಳಿದರೆ, ಸಾಬರು ಒಪ್ಪಲಿಲ್ಲ. ನಮ್ಮ ಜಗಲಿಗೆ ಬಂದು ಕೂತು, "ತಂಗಿ, ನಲವತ್ತು ವರ್ಷ ಊರೆಲ್ಲರ ಮದುವೆಗೆ ನಾನು ಸೋಡಾ ಕೊಟ್ಟಿದೀನಿ. ನನ್ನ ಮಗಳ ಮದುವೆಗೆ ಆ ಮೆಷಿನ್ ಸೋಡಾನೇ ಆಗ್ಬೇಕು" ಅಂದರು.

ಅತ್ತೆ ಒಪ್ಪಿದಳು. ಒಪ್ಪಿದ ಮೇಲೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸೋಡಾ ಸಪ್ಪೆಯಾದರೆ ಕೆಡುವುದು ಅವಳ ಹೆಸರಲ್ಲ, ಅವಳಿಗಾಗಿ ಮಾತು ಕೊಟ್ಟವರ ಹೆಸರು, ಅದೂ ಬೀಗರ ಎದುರಿಗೆ. ಬಾಟಲಿಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕಿಸಿದಳು. ಹೊಸದಾಗಿ ಕಲಾಯಿ ಹಾಕಿಸಿದ ತಾಮ್ರದ ಹಂಡೆಯನ್ನು ಅಂಗಳದ ಒಲೆಯ ಮೇಲೆ ಏರಿಸಿದಳು. ದಿನಾ ಅಂಗಡಿಗಳಿಗೆ ತುಂಬುವುದು ಹಿತ್ತಿಲಿನಲ್ಲಿ ಅಡಿಕೆ ಮರ ಸೀಳಿ ಕಾಲುವೆಯಂತೆ ತೋಡಿದ ದಂಬೆಯಿಂದ ಬೀಳುವ ಒರತೆಯ ನೀರು. ಮದುವೆಗೆ ಅದನ್ನು ಹಾಗೇ ತುಂಬಿದರೆ ಸಾಲದು.

"ಬೀಗರು ಬರೋ ಜಾಗಕ್ಕೆ ಹಸಿ ನೀರು ಕೊಡ್ಲಿಕ್ಕಾಗ್ತದೇನೆ? ಯಾರಿಗಾದ್ರೂ ಶೀತ ಆಗಿ ಕೆಮ್ಮಿದ್ರೆ? ಕುದಿಸಿ, ಶೋಧಿಸಿ ತುಂಬ್ಸೋದು" ಅಂದಳು.

ಮದುವೆಗೆ ಎರಡು ದಿನ ಇರುವಾಗ ಶುರು ಮಾಡಿದೆವು. ಅತ್ತೆ ತುಂಬಿಸುತ್ತಾಳೆ, ನಾನು ತಿರುಗಿಸುತ್ತೇನೆ. ಟಕ್, ಟಕ್, ಟಕ್! ಮರದ ಪೆಟ್ಟಿಗೆಗಳು ತುಂಬುತ್ತ ಹೋದವು. ಹಾಡು ಬರದ ಅತ್ತೆಯೂ ಹಾಡಿದಳು. ಸಂಜೆ ದೀಪ ಹಚ್ಚಿ ಕೊಟ್ಟಿಗೆಗೆ ಹೋದವಳು ಅಲ್ಲಿಂದಲೇ ಕೂಗಿದಳು:

"ಕೂಸೇ, ಓಡಿ ಬಾರೇ! ಗೋಲಿ ಎಲ್ಲ ಕೆಳಗೆ ಬಿದ್ದಿದ್ಯಲ್ಲೇ!"

ಬಾಟಲಿಯ ಕತ್ತಿನಲ್ಲಿ ಕೂತಿರಬೇಕಾದ ಗೋಲಿಗಳು ಸೊಂಟಕ್ಕೆ ಇಳಿದು ಮಲಗಿದ್ದವು. ಒಂದನ್ನು ಕುಡಿದು ನೋಡಿದೆ. ಹಂಡೆಯ ನೀರೇ.

ನಿಜ ಹೇಳುತ್ತೇನೆ, ಅತ್ತೆಯ ಮುಖ ಬಾಡಿದ್ದರೂ ನನಗೆ ಒಳಗೊಳಗೇ ಹುರುಪು. ಮೆಷಿನ್ ಪೂರ್ತಿ ಬಿಚ್ಚುವ ಯೋಗ ಬಂತಲ್ಲ! ಸಾಬೂನಿನ ನೊರೆ ಮಾಡಿ ಪೈಪಿನ ಸಂದಿಗಳಿಗೆಲ್ಲ ಸವರಿ ಗ್ಯಾಸ್ ಬಿಟ್ಟೆ. ಒಂದು ನಟ್ಟಿನ ಹತ್ತಿರ ಸಾಸಿವೆಯಷ್ಟು ಗುಳ್ಳೆ ಎದ್ದಿತು.

"ಅತ್ತೇ, ಕಳ್ಳ ಸಿಕ್ಕಿದ!"

"ಎಲ್ಲಿ, ಎಲ್ಲಿ?" ಎಂದು ಅತ್ತೆ ಕನ್ನಡಕ ಹಾಕಿಕೊಂಡು ಬಂದಳು. ಇಬ್ಬರೂ ಆ ಗುಳ್ಳೆಯನ್ನು ತೊಟ್ಟಿಲ ಮಗುವನ್ನು ನೋಡಿದ ಹಾಗೆ ಬಗ್ಗಿ ನೋಡಿದೆವು. ಸೈಕಲ್ ಶಾಪಿಗೆ ಹೋಗಿ ಹಳೇ ಟ್ಯೂಬಿನ ತುಂಡು ತಂದು ವಾಷರ್ ಕತ್ತರಿಸಿ ಹಾಕಿದೆ. ಗುಳ್ಳೆ ನಿಂತಿತು. ಬೆಳಿಗ್ಗೆ ಎದ್ದು ಮತ್ತೆ ನೀರು ಕುದಿಸಿ ತುಂಬಿಸಿದೆವು. ಬಿಸಿಲೇರುವಷ್ಟರಲ್ಲಿ ಮತ್ತೆ ಗೋಲಿ ಕೆಳಗೆ.

ಇನ್ನು ಉಳಿದದ್ದು ಬಾಟಲಿ ಕತ್ತಿನ ರಬ್ಬರ್ ಬಳೆಗಳು. ಶೃಂಗೇರಿಯ ಒಂದು ಅಂಗಡಿಯಲ್ಲಿ ಸಿಗುತ್ತವೆ ಎಂದು ಅತ್ತೆಗೆ ನೆನಪಿತ್ತು. ನಾನು ಚಪ್ಪಲಿ ಮೆಟ್ಟುತ್ತಿರುವಾಗಲೇ ಸಾಬರು ಅಂಗಳಕ್ಕೆ ಬಂದರು. ಗೋಲಿ ಬಿದ್ದ ಬಾಟಲಿಗಳು ಕಾಣದ ಹಾಗೆ ಅತ್ತೆ ಕೊಟ್ಟಿಗೆ ಬಾಗಿಲಿಗೆ ಅಡ್ಡ ನಿಂತಳು.

"ತಂಗಿ, ಬೀಗರು ಮತ್ತೆ ಹೇಳಿ ಕಳಿಸಿದಾರೆ. ಕೂಲ್‌ಡ್ರಿಂಕ್ಸ್ ತರೋದಾದ್ರೆ ಇವತ್ತೇ ಹೇಳ್ಬೇಕಂತೆ. ಏನು ಹೇಳ್ಲಿ?"

ಅತ್ತೆ ಸೆರಗು ಸರಿ ಮಾಡಿಕೊಂಡಳು. "ಬ್ಯಾಡ ಅನ್ನಿ ಸಾಬ್ರೆ."

ಅವರು ನಕ್ಕು ಹೊರಟರು. ಅತ್ತೆ ಅಲ್ಲೇ ಹೊಸ್ತಿಲ ಮೇಲೆ ಕೂತು, "ಹೇಳಿಬಿಟ್ಟೆ ಮಾರಾಯ್ತಿ. ಇನ್ನು ನಿನ್ನ ಕೈಲಿದೆ, ಬಸ್ಸು ಹಿಡಿ" ಅಂದಳು.

ಶೃಂಗೇರಿಗೆ ಹೋದ ಬಸ್ಸಿನಲ್ಲಿ ನನಗೆ ಕಿಟಕಿಯ ಹೊರಗೆ ಏನೂ ಕಾಣಲಿಲ್ಲ. ತಲೆಯೊಳಗೆ ಮೆಷಿನ್ ತಿರುಗುತ್ತಿತ್ತು. ಬಳೆಗಳ ಪೊಟ್ಟಣ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿ ಬಂದಾಗ ಮಧ್ಯಾಹ್ನ ಇಳಿದಿತ್ತು. ಹಂಡೆ ಇನ್ನೂ ಕುದಿಯುತ್ತಿತ್ತು, ಅತ್ತೆ ಸೌದೆ ತರಲು ಹೋಗಿದ್ದಳು. ನನಗೆ ಕಾಯುವ ತಾಳ್ಮೆ ಎಲ್ಲಿ? ಹೊಸ ಬಳೆ ಹಾಕಿದ ಬಾಟಲಿಗಳಿಗೆ ದಂಬೆಯ ನೀರನ್ನೇ ಹಿಡಿದು ತಿರುಗಿಸಿದೆ. ಟಕ್! ಅಲುಗಾಡಿಸಿದೆ, ಬಿಸಿಲಿಗಿಟ್ಟೆ, ಕೂತ ಗೋಲಿ ಕೂತೇ ಇತ್ತು. ಅತ್ತೆ ಬಂದು ನೋಡಿ ಸೌದೆ ಹೊರೆ ಅಲ್ಲೇ ಬಿಟ್ಟು ನನ್ನ ಕೆನ್ನೆ ಹಿಂಡಿದಳು. ಇಬ್ಬರೂ ಹುಮ್ಮಸ್ಸಿನಲ್ಲಿ ಹಂಡೆಯ ನೀರು ಇಳಿಸಿ, ಶೋಧಿಸಿ, ಕೈ ತಾಳುವಷ್ಟಾದ ಕೂಡಲೇ ಒಂದು ಪೆಟ್ಟಿಗೆ ತುಂಬಿಸಿದೆವು.

ಕಾಫಿ ಕುಡಿದು, ದನ ಇಲ್ಲದ ಕೊಟ್ಟಿಗೆಯನ್ನು ಗುಡಿಸಿ ಬರುವಷ್ಟರಲ್ಲಿ ಆ ಪೆಟ್ಟಿಗೆಯ ಗೋಲಿಗಳು ಒಂದೊಂದಾಗಿ ಇಳಿಯತೊಡಗಿದ್ದವು.

ಅತ್ತೆ ಪೆಟ್ಟಿಗೆಯ ಪಕ್ಕ ಕೂತು ಬಿದ್ದ ಗೋಲಿಗಳನ್ನು ಎಣಿಸತೊಡಗಿದಳು. ನಾನು ಎಡಗೈಯಲ್ಲಿ ಗೋಲಿ ಬಿದ್ದ ಬಾಟಲಿ, ಬಲಗೈಯಲ್ಲಿ ಬೀಳದ ಬಾಟಲಿ ಎತ್ತಿಕೊಂಡೆ. ಅದೇ ಬಳೆ, ಅದೇ ವಾಷರ್, ಅದೇ ತಿರುಗಣೆ. ವ್ಯತ್ಯಾಸ ಎಲ್ಲಿ? ಹಾಗೆ ಹಿಡಿದು ನಿಂತಿರುವಾಗ ನನ್ನ ಅಂಗೈಗಳೇ ಹೇಳಿದವು. ಬಲಗೈಯದು ತಣ್ಣಗೆ. ಎಡಗೈಯದು ಈಗಷ್ಟೇ ಎಣ್ಣೆ ಸ್ನಾನ ಮಾಡಿಸಿದ ಮಗುವಿನ ಹೊಟ್ಟೆಯ ಹಾಗೆ ಬೆಚ್ಚಗೆ.

"ಅತ್ತೇ! ಮೆಷಿನ್ ಅಲ್ಲ! ನೀರು, ನೀರು!" ಎಂದು ನಾನು ಅಂಗಳದ ತುಂಬ ಕುಣಿದೆ. "ಬಿಸಿ ನೀರಿಗೆ ಗ್ಯಾಸ್ ಸೇರ್ತಾ ಇಲ್ಲ. ಮೇಲೆ ಮೇಲೆ ನಿಂತು ಗೋಲಿ ಒತ್ತಿಹಿಡೀತದೆ. ನೀರು ಆರಿದ ಹಾಗೆ ಒತ್ತಡ ಇಳಿದು ಗೋಲಿನೂ ಇಳೀತದೆ. ದಂಬೆ ನೀರು ತುಂಬ್ಸಿದ್ದು ನೋಡು, ಕಲ್ಲಿನ ಹಾಗೆ ಕೂತಿದೆ!"

ಅತ್ತೆ ಎರಡೂ ಬಾಟಲಿಗಳನ್ನು ತನ್ನ ಎರಡು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಹೌದಲ್ಲೇ... ಆದ್ರೂ ಕೂಸೇ, ಮದುವೆಗೆ ಹಸಿ ನೀರು ಕೊಡೋದಿಲ್ಲ ನಾನು."

"ಹಂಗಾದ್ರೆ?"

"ಕುದಿಸೋದೂ ಹೌದು, ತಣಿಸೋದೂ ಹೌದು. ಕೊಡಪಾನ ತೆಗಿ."

ಮನೆಯಲ್ಲಿದ್ದ ಕೊಡಪಾನ, ತಪ್ಪಲೆ, ಹಾಲಿನ ಕ್ಯಾನು ಎಲ್ಲ ಹೊರಬಂದವು. ಕುದಿದ ನೀರು ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ದಂಬೆಯ ನೀರು ಬೀಳುವ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿಸಿಟ್ಟೆವು. ರಾತ್ರಿಯಿಡೀ ಒರತೆ ಅವುಗಳ ಮೈಮೇಲೆ ಹರಿಯಿತು. ಬೆಳಕು ಹರಿಯುವ ಮೊದಲೇ ಮುಟ್ಟಿದರೆ ಬೆರಳು ಜುಮ್ಮೆನ್ನುವ ಹಾಗಿತ್ತು. ಆಮೇಲೆ ಕೇಳಬೇಡಿ! ನಾನು ತಿರುಗಿಸಿದೆ, ಸೋತಾಗ ಅತ್ತೆ ತಿರುಗಿಸಿದಳು, ಅವಳು ಸೋತಾಗ ಮೂಗು ಮುರಿಯುತ್ತಿದ್ದ ಅಮ್ಮನೂ ಸೆರಗು ಕಟ್ಟಿ ಹಿಡಿಕೆ ಹಿಡಿದಳು. ಟಕ್ ಟಕ್ ಸದ್ದಿಗೆ ಬೇಲಿಯಾಚೆಯವರು ಬಂದು ನಿಂತು ನೋಡಿದರು. ಪೆಟ್ಟಿಗೆ ಒಯ್ಯಲು ಜೀಪು ಬರುವ ಹೊತ್ತಿಗೆ ಕೊನೆಯ ಪೆಟ್ಟಿಗೆಯೂ ತುಂಬಿತ್ತು. ಒಂದು ಗೋಲಿಯೂ ಬಿದ್ದಿರಲಿಲ್ಲ.

ಚಪ್ಪರದಲ್ಲಿ ಊಟ ಮುಗಿಯಿತು. ಮೊದಲ ಬಾಟಲಿ ಬೀಗರಿಗೆ. ಗಂಡಿನ ತಂದೆ ಬಿಳಿ ಟೋಪಿಯ, ಹೆಚ್ಚು ಮಾತಿಲ್ಲದ ಮನುಷ್ಯ. ಸಾಬರೇ ಗೋಲಿ ಒತ್ತಿದರು. 'ಟಪ್' ಎಂದು ಸಿಡಿದ ಸದ್ದಿಗೆ ಮಕ್ಕಳು ಕೇಕೆ ಹಾಕಿದವು. ನೊರೆ ಉಕ್ಕಿ ಅವರ ಕೈ ಒದ್ದೆಯಾಯಿತು. ಬೀಗರು ಒಂದೇ ಗುಕ್ಕಿಗೆ ಕುಡಿದರು. ಕಂಬದ ಹಿಂದೆ ನಿಂತಿದ್ದ ಅತ್ತೆ ನನ್ನ ಮಣಿಕಟ್ಟು ಹಿಸುಕಿ ಹಿಡಿದಿದ್ದಳು. ಬೀಗರು ಬಾಟಲಿ ಕೆಳಗಿಟ್ಟರು, ಎದೆಗೆ ಕೈ ಇಟ್ಟುಕೊಂಡರು. ಆಮೇಲೆ ಚಪ್ಪರದ ಆಚೆ ತುದಿಗೂ ಕೇಳುವಂಥ ಒಂದು ತೇಗು ಬಂತು.

"ಇನ್ನೊಂದು ಇದ್ಯಾ?" ಎಂದರು.

ನನ್ನ ಮಣಿಕಟ್ಟು ಆಗ ಬಿಡುಗಡೆಯಾಯಿತು.

ಸಂಜೆ ಖಾಲಿ ಪೆಟ್ಟಿಗೆಗಳನ್ನು ಜೀಪಿಗೆ ಏರಿಸುವಾಗ ಸಾಬರು ಅತ್ತೆಯ ಹತ್ತಿರ ಬಂದರು. "ಸೈಕಲ್ ಶಾಪಿನವನು ಹೇಳ್ದ, ಮೆಷಿನ್ ಹಾಳಾಗಿತ್ತಂತೆ? ನನಗೆ ಒಂದು ಮಾತು ಹೇಳೋದಲ್ವಾ ತಂಗಿ?"

"ಮೆಷಿನ್ ಸರಿ ಇತ್ತು ಸಾಬ್ರೆ. ನಿಮ್ಮ ಮನೆ ಮದುವೆ ಅಂತ ನಾನೇ ನೀರು ಕಾಯಿಸಿ, ಬಿಸಿಬಿಸಿ ಇರುವಾಗ್ಲೇ ತುಂಬ್ಸಿದ್ದೆ."

ಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೇ ಅಲ್ಲಾ! ಸೋಡಾಕ್ಕೂ ಸ್ನಾನ ಮಾಡ್ಸಿದ್ಯಾ? ಶೀಗೆಪುಡಿ ಹಾಕ್ಲಿಲ್ಲ, ಪುಣ್ಯ!"

ನಗುತ್ತಲೇ ಅವರು ಬೀಗರ ಕಡೆ ಕೈ ತೋರಿಸಿದರು. ನರಸಿಂಹರಾಜಪುರದಲ್ಲಿ ಆಗಬೇಕಿದ್ದ ಗಂಡಿನ ಮನೆಯ ಊಟಕ್ಕೂ ಇದೇ ಸೋಡಾ ಬೇಕಂತೆ. ಅತ್ತೆ ಜೀಪು ಹತ್ತಿ ಕೂತಳು. ದಾರಿಯ ಅರ್ಧದಲ್ಲಿ ನನ್ನ ಕಿವಿಗೆ ಬಾಗಿ ಕೇಳಿದಳು: "ಹಾಲಿನ ಕ್ಯಾನು ಇನ್ನೆರಡು ಎಲ್ಲಿ ಸಿಗ್ತದೇ?"