ಅತ್ತೆಯವರ ಎಲೆಬುಟ್ಟಿ

ಅತ್ತೆಯವರು ನಮ್ಮ ಮನೆಯಲ್ಲಿದ್ದಷ್ಟು ದಿನ ನಾನು ದಿನಕ್ಕೆ ಮೂರು ಸಲ ಅವರಿಗೆ ಮೋಸ ಮಾಡಿದ್ದೇನೆ. ಮೊದಲನೆಯ ಮೋಸ ಮುಂಜಾನೆಯೇ, ಲಿಂಗಪೂಜೆ ಮುಗಿಸಿ ಹಣೆಯ ವಿಭೂತಿ ಇನ್ನೂ ಆರದಿರುವಾಗ. ಶಿವ ನೋಡುತ್ತಿದ್ದ, ಏನೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಅಂತ ತಿಳಿದು ಮುಂದುವರಿಸಿದೆ.

ಸವಣೂರಿನಲ್ಲಿ ನಮ್ಮದು ಎಲೆತೋಟದ ಮನೆ. ತಾವು ಲಗ್ನವಾಗಿ ಬಂದ ವರ್ಷದಿಂದಲೂ ಅತ್ತೆಯವರು ಪಡಸಾಲೆಯಲ್ಲಿ ಕುಳಿತು ವೀಳ್ಯದೆಲೆ ಆರಿಸಿದವರು. ಕುಡಿ ಎಲೆ ಒಂದು ಕಡೆ, ಬಲಿತದ್ದು ಒಂದು ಕಡೆ, ಹರಕು ಮತ್ತು ಹಣ್ಣೆಲೆ ಇನ್ನೊಂದು ಕಡೆ. ಮಾವನವರು ಲಿಂಗೈಕ್ಯರಾದ ಮೇಲೆ ಅತ್ತೆಯವರ ನೆನಪು ಒಂದೊಂದೇ ಕಳಚಿಕೊಂಡಿತು. ಮೊದಲು ಸೋಮವಾರ ಯಾವುದು ಅಂತ ಮರೆತರು. ಆಮೇಲೆ ಊಟ ಮಾಡಿದ್ದನ್ನು ಮರೆತರು. ಕಡೆಗೆ ಒಂದು ದಿನ ನನ್ನ ಕೈಯಿಂದಲೇ ಗಂಜಿ ಕುಡಿದು, "ಯಾರ ಮನಿಯಾಕಿ ತಂಗಿ ನೀ? ನಮ್ಮ ಸೊಸಿ ಉಣ್ಣಾಕ ಹಾಕಂಗಿಲ್ಲ, ನೀನರ ಹಾಕಿದಿ" ಅಂದರು.

ಅವತ್ತು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಮರುದಿನ ಅದರಲ್ಲೂ ಒಂದು ಉಪಕಾರ ಕಂಡಿತು. ಲಗ್ನದ ವರ್ಷ ನಾನು ಹೋಳಿಗೆಯ ಹೂರಣ ಸೀಯಿಸಿದ್ದನ್ನು ಅವರು ಇಪ್ಪತ್ತು ವರ್ಷ ನೆನಪಿಟ್ಟು, ಹಬ್ಬಕ್ಕೊಮ್ಮೆ ಎಲ್ಲರೆದುರು ಹೇಳುತ್ತಿದ್ದರು. ನನ್ನ ಜೋಡಿ ಆ ಹೂರಣವೂ ಮರೆತುಹೋಯಿತು.

ಔಷಧಿ ಹೇಳುವವರಿಗೆ ಕಡಿಮೆ ಇರಲಿಲ್ಲ. ವೈದ್ಯರು ನೆತ್ತಿಗೆ ಒಂದೆಲಗದ ಎಣ್ಣೆ ಹಚ್ಚಲು ಹೇಳಿದರು. ಮಠದ ಅಜ್ಜನವರು ಪಂಚಾಕ್ಷರಿ ಜಪಿಸಿದ ಭಸ್ಮ ಕೊಟ್ಟರು. ಪಕ್ಕದ ಮನೆಯ ಖಾಜಾಬಿ ಹುಲಗೂರು ದರ್ಗಾಕ್ಕೆ ಹೋಗಿ ಬಂದು ಮುಂಗೈಗೆ ದಾರ ಕಟ್ಟಿದಳು. ಯಾವುದನ್ನೂ ಬ್ಯಾಡ ಅನ್ನಲಿಲ್ಲ. ನೆತ್ತಿ, ಹಣೆ, ಮುಂಗೈ ಬೇರೆ ಬೇರೆ ಜಾಗ, ಒಂದಕ್ಕೊಂದು ಅಡ್ಡ ಬರಲಿಲ್ಲ. ನೆನಪು ಬರಲಿಲ್ಲ, ಆದರೆ ಅತ್ತೆಯವರಿಗೆ ಮೂವರು ಮುಟ್ಟಿ ಮಾತಾಡಿಸಿದ್ದು ಹಿತವಾಯಿತು.

ಕಷ್ಟವಿದ್ದದ್ದು ಮಧ್ಯಾಹ್ನ. ಊಟವಾದ ಕೂಡಲೇ ಸೆರಗು ಹೊದ್ದು "ನಮ್ಮ ಮನಿಗೆ ಹೋಗ್ತೇನಿ" ಅಂತ ಹೊರಡುವರು. ಇದೇ ನಿಮ್ಮ ಮನೆ ಅಂದರೆ ಕೇಳುವವರಲ್ಲ. ಒಮ್ಮೆ ಕೆರೆಯ ದಂಡೆಯವರೆಗೆ ಹೋಗಿದ್ದರು. ಇನ್ನೊಮ್ಮೆ ಹೀಗೇ ಹೊರಟಾಗ ಪಡಸಾಲೆಯಲ್ಲಿ ಪ್ಯಾಟಿಗೆ ಹೋಗದೆ ಉಳಿದ ಎಲೆಯ ಬುಟ್ಟಿ ಇತ್ತು. ಅದನ್ನು ಕಂಡವರೇ ಕುಳಿತರು. ನನ್ನನ್ನು ಮರೆತ ಅತ್ತೆಯವರ ಬೆರಳು ಎಲೆಯನ್ನು ಮರೆತಿರಲಿಲ್ಲ. ಒಂದು ಹರಕೆಲೆಯೂ ತಪ್ಪಿ ಕುಡಿ ಎಲೆಯ ಕಡೆ ಹೋಗಲಿಲ್ಲ. ತಾಸೊತ್ತು ಮನೆ ತಣ್ಣಗಿತ್ತು. ಬುಟ್ಟಿ ಬರಿದಾದ ಮೇಲೆ ಮತ್ತೆ ಸೆರಗು ಹೊದ್ದರು.

ಆಗ ನಾನು ಆ ಮೂರು ಗುಂಪನ್ನೂ ಅಡುಗೆಮನೆಗೆ ಒಯ್ದು, ಬುಟ್ಟಿಗೆ ಸುರುವಿ, ನೀರು ಚಿಮುಕಿಸಿ ಕಲಸಿ ತಂದೆ. "ಅತ್ತೀ, ತೋಟದಿಂದ ಇನ್ನೊಂದು ಬುಟ್ಟಿ ಬಂತ್ರಿ" ಅಂದೆ. ಕುಳಿತರು. ಇದೇ ನನ್ನ ಮೋಸ; ಬರಬರುತ್ತ ಮುಂಜಾನೆಯಿಂದಲೇ ಶುರುವಾಗಿ ದಿನಕ್ಕೆ ಮೂರು ಸಲವಾಯಿತು.

ಶ್ರಾವಣದಲ್ಲಿ ಪುರಾಣ ಹೇಳುವ ಅಯ್ಯನವರು ಮರೆವೇ ಮಾಯೆ, ಜೀವ ತನ್ನ ಮನೆ ಮರೆತದ್ದಕ್ಕೇ ಅಲೆದಾಡುತ್ತದೆ ಅಂತ ಹೇಳುತ್ತಿದ್ದರು. ಕಂಬಕ್ಕೆ ಒರಗಿ ಕೇಳುತ್ತಿದ್ದ ನನಗೆ ಒಂದು ಸಂಶಯ. ನಮ್ಮ ಅತ್ತೆಯವರು ಬಂಗಾರ ಮರೆತಿದ್ದಾರೆ, ತಿಜೋರಿಯ ಕೀಲಿಕೈ ಮರೆತಿದ್ದಾರೆ, ಸಿಟ್ಟು ಮರೆತಿದ್ದಾರೆ. ಎಲ್ಲ ನೆನಪಿಟ್ಟುಕೊಂಡು ಕುಳಿತ ನಾನು ಮಾಯೆಯಲ್ಲಿದ್ದೇನೋ, ಅವರೋ? ಅಯ್ಯನವರನ್ನು ಕೇಳುವ ಧೈರ್ಯ ಬರಲಿಲ್ಲ. ಒಲೆಯ ಮೇಲೆ ಬ್ಯಾಳಿ ಇಟ್ಟು ಬಂದದ್ದು ಆಗಲೇ ನೆನಪಾಗಿ ಎದ್ದು ಓಡಿದೆ.

ಆದರೆ ಈ ಬುಟ್ಟಿ ನಡೆಯುತ್ತಿದ್ದದ್ದು ವರ್ಷಕ್ಕೆ ನಾಲ್ಕೇ ತಿಂಗಳು. ಅತ್ತೆಯವರಿಗೆ ಮೂವರು ಗಂಡುಮಕ್ಕಳು. ಹಿರಿಯ ಭಾವನವರು ಹಾನಗಲ್ಲಿನಲ್ಲಿ, ಸಣ್ಣ ಮೈದುನ ಹಂಸಭಾವಿಯಲ್ಲಿ, ನಡುವಿನವರಾದ ನಮ್ಮವರು ತೋಟ ನೋಡಿಕೊಂಡು ಸವಣೂರಲ್ಲಿ. ತಾಯಿಯ ಸೇವೆಯ ಪುಣ್ಯ ಒಬ್ಬರಿಗೇ ಹೋಗಬಾರದು ಅಂತ ದೈವದ ಹಿರಿಯರು ಕುಳಿತು ನಾಲ್ಕು ನಾಲ್ಕು ತಿಂಗಳ ಪಾಳಿ ಹಚ್ಚಿದ್ದರು. ಮಾತು ನ್ಯಾಯವಾಗಿಯೇ ಇತ್ತು. ಆದರೆ ನಮ್ಮ ಬಚ್ಚಲು ಎಡಕ್ಕೆ, ಹಾನಗಲ್ಲಿನದು ಬಲಕ್ಕೆ, ಹಂಸಭಾವಿಯದು ಎರಡು ಮೆಟ್ಟಿಲು ಇಳಿದು ಹಿತ್ತಲಲ್ಲಿ. ಮೂರು ಮನೆ ಹಿಡಿಯುವಷ್ಟು ನೆನಪು ಆ ತಲೆಯಲ್ಲಿ ಉಳಿದಿರಲಿಲ್ಲ. ಆ ಮನೆಗಳಲ್ಲಿ ಕಾಳು ಆರಿಸಲು ಕೊಟ್ಟರೆ ಬದಿಗೆ ಸರಿಸಿ ಎದ್ದುಬಿಡುತ್ತಿದ್ದರಂತೆ. ಹೋದ ಪಾಳಿಯಲ್ಲಿ ಹಂಸಭಾವಿಯ ಆ ಮೆಟ್ಟಿಲಲ್ಲಿ ಬಿದ್ದು ಸೊಂಟ ನೋಯಿಸಿಕೊಂಡು ಬಂದಿದ್ದರು. ಇನ್ನೊಮ್ಮೆ ಬಿದ್ದರೆ ಏಳುವುದು ಕಷ್ಟ ಅಂತ ನನಗೆ ಗೊತ್ತಿತ್ತು.

ಹಂಗಂತ ಹೇಳುವುದು ಹೆಂಗ? ಕಳಿಸುವುದಿಲ್ಲ ಅಂದರೆ, ನೀವು ಸರಿಯಾಗಿ ನೋಡುವುದಿಲ್ಲ ಅಂದಂತೆ. ಇನ್ನೊಂದು ಖರೆ ಮಾತೂ ಹೇಳಿಬಿಡುತ್ತೇನೆ. ಪ್ರತಿ ಸಲ ಬಂಡಿ ಓಣಿ ತಿರುಗಿದ ಮೇಲೆ ನಾನು ಒಳಗೆ ಬಂದು, ಚಾಪೆ ಹಾಸಿ, ಸಂಜೆಯವರೆಗೆ ನಿದ್ದೆ ಮಾಡಿದವಳು. ಕಳಿಸಬಾರದು ಅನ್ನುವ ಮನಸ್ಸಿನ ಪಕ್ಕದಲ್ಲೇ ಆ ಚಾಪೆಯೂ ಸುತ್ತಿಟ್ಟಿತ್ತು.

ನಮ್ಮ ನಾಲ್ಕು ತಿಂಗಳು ಮುಗಿದ ದಿನ ಮೈದುನ ಮುಂಜಾನೆ ಬಂಡಿ ಹೂಡಿಸಿ ನಿಲ್ಲಿಸಿದ. ಮೆತ್ತೆ ಹಾಸಿ, ಮೇಲೆ ಕೌದಿ ಹಾಕಿ, ತಾಯಿಗಂತ ಬಲು ಪ್ರೀತಿಯಿಂದ ಸಜ್ಜು ಮಾಡಿದ್ದ.

"ಯವ್ವಾ, ಏಳು. ಬಿಸಲಾಗೂದ್ರಾಗ ದಾರಿ ಹಿಡಿಯೂಣು."

ಅತ್ತೆಯವರು ಎಲೆಬುಟ್ಟಿ ಬಿಟ್ಟು ಏಳಲಿಲ್ಲ. "ನಾ ಬರಂಗಿಲ್ಲಪಾ."

"ಯಾಕವ್ವಾ? ನನ್ನ ಮ್ಯಾಲ ಸಿಟ್ಟೇನು?"

ಅತ್ತೆಯವರು ಅವನ ಕೈ ಹಿಡಿದು ಬಗ್ಗಿಸಿಕೊಂಡು, ಓಣಿಗೆಲ್ಲ ಕೇಳುವಷ್ಟು ಮೆಲ್ಲಗೆ ಹೇಳಿದರು: "ಈ ಹೆಣ್ಮಗಳು ಅದಾಳಲ್ಲ, ಭಾಳ ಛಲೋದಾಕಿ. ಆದ್ರ ಪಾಪ, ಆಕಿಗೆ ಮರವು. ನಾ ಆರಿಸಿಟ್ಟ ಎಲಿ ಒಳಗ ಒಯ್ದು ಮತ್ತ ಕಲಸ್ಕೊಂಡು ಬರ್ತಾಳ. ದಿನಾ ಮೂರು ಸಲ! ಬೈದ್ರ ಮನಸಿಗೆ ಹಚ್ಕೊಂತಾಳಂತ ನಾನೂ ಸುಮ್ಮನ ಆರಿಸಿ ಕೊಡ್ತೇನಿ. ನಾ ಹ್ವಾದ್ರ ಈಕಿನ್ನ ನೋಡ್ಕೊಳ್ಳಾವ್ರು ಯಾರು?"

ನಮ್ಮವರು ಕೆಮ್ಮು ಬಂದವರ ಹಾಗೆ ಮುಖ ತಿರುಗಿಸಿದರು. ಖಾಜಾಬಿ ಸೆರಗು ಬಾಯಿಗೆ ಒತ್ತಿಕೊಂಡಳು. ನಾನು ಎಲ್ಲಿ ನೋಡಬೇಕು ಅಂತ ತಿಳಿಯದೆ ಎತ್ತುಗಳನ್ನು ನೋಡಿದೆ. ಮೈದುನ ಮೊದಲು ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

"ವೈನಿ, ನಿಮ್ಮನ್ನ ನೋಡ್ಕೊಳ್ಳಾಕ ಅವ್ವ ಇಲ್ಲೇ ಇರ್ಲಿ ಬಿಡ್ರಿ. ಪಾಳಿ ಆಕಿಗೆ ಬ್ಯಾಡ, ನಮಗಿರ್ಲಿ. ನಮ್ಮ ಪಾಳಿ ಬಂದಾಗ ನಾವ ಬರ್ತೇವಿ."

ಹಾನಗಲ್ಲಿಗೂ ಅವನೇ ಹೋಗಿ ಅಣ್ಣನನ್ನು ಒಪ್ಪಿಸಿದ. ಅವತ್ತಿನಿಂದ ಅತ್ತೆಯವರು ಕುಳಿತಲ್ಲೇ ಇದ್ದರು, ನಾವೇ ಸುತ್ತಿದೆವು. ನನ್ನ ಓರಗಿತ್ತಿಯರು ಸರದಿಯಂತೆ ಬಂದು ಇರುವಾಗ ನನಗೆ ಮಧ್ಯಾಹ್ನದ ಚಾಪೆಯೂ ಸಿಕ್ಕಿತು. ಬಂದ ದಿನವೇ ಅವರಿಗೆ ಎಲೆ ಕಲಸುವುದನ್ನು ಕಲಿಸುತ್ತಿದ್ದೆ. ಈ ಮನೆಗೆ ಬಂದವರಿಗೆಲ್ಲ ಅದೇ ಜಡ್ಡು ಹತ್ತುತ್ತದೆ ಅಂತ ಅತ್ತೆಯವರಿಗೆ ಚಿಂತೆ.

ಬಂಡಿ ಖಾಲಿ ಹೋದ ಆ ಮಧ್ಯಾಹ್ನ ಬುಟ್ಟಿ ಹಿಡಿದು ಹೊರಗೆ ಬರಲು ನನಗೆ ನಾಚಿಕೆಯಾಯಿತು. ಆದರೂ ತಂದಿಟ್ಟೆ. ತೋಟದಿಂದ ಬಂತು ಅನ್ನಲು ನಾಲಿಗೆ ಏಳಲಿಲ್ಲ. ಅತ್ತೆಯವರು ಬಾಡಿದ ಎಲೆಗಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಮತ್ತ ಕಲಸಿದೇನ?"

"ಹೌದ್ರಿ ಅತ್ತಿ. ಮರತೆ."

"ಇರ್ಲಿ ಬಿಡ ತಂಗಿ" ಅಂತ ಬುಟ್ಟಿ ಮುಂದೆ ಎಳೆದುಕೊಂಡರು. "ನಾ ಅದೀನಲ್ಲ."